ಎಲ್ಲರನ್ನೂ ಪರೀಕ್ಷೆಗೆ ಕೂರಿಸಿದ ಶಾಲೆ

ಒಂದು ಪ್ರಶ್ನೆ ಕೇಳಲೇ? ಊರಲ್ಲಿ ಎರಡು ಹೈಸ್ಕೂಲುಗಳಿವೆ. ಒಂದರಲ್ಲಿ ಬೋರ್ಡ್ ಪರೀಕ್ಷೆಗೆ ಕೂತವರೆಲ್ಲ ಪಾಸು. ಇನ್ನೊಂದರಲ್ಲಿ ಕೂತವರ ಪೈಕಿ ಅರ್ಧಕ್ಕರ್ಧ ನಪಾಸು. ನಿಮ್ಮ ಮಗಳನ್ನು ಯಾವುದಕ್ಕೆ ಸೇರಿಸುತ್ತೀರಿ? ಬೇಗ ಹೇಳಿ. ಯೋಚನೆ ಮಾಡುವವರಿಗೆ ಅಂಕ ಕಳೆಯುತ್ತೇನೆ.

ಮೊದಲನೆಯದಕ್ಕೆ ಅಂದಿರಲ್ಲ? ಗೊತ್ತಿತ್ತು. ನನ್ನ ಸಾಹೇಬರೂ ಅದನ್ನೇ ಅಂದಿದ್ದರು. ಸರ್ಕಾರವೂ ಅದನ್ನೇ ಅಂದಿತ್ತು. ನಾನು ಮಾತ್ರ ಬೇರೆ ಉತ್ತರ ಹೇಳಿದೆ, ಹೇಳಿ ಏನು ಸಾಧಿಸಿದೆ ಎನ್ನುವುದನ್ನೇ ಈಗ ಬರೆಯಲು ಹೊರಟಿದ್ದೇನೆ.

ನನ್ನ ತಮ್ಮನ ಮೊಮ್ಮಗಳು ಹುಬ್ಬಳ್ಳಿಯಲ್ಲಿ ಈಗಷ್ಟೇ ಶಿಕ್ಷಣ ಇಲಾಖೆಗೆ ಸೇರಿದ್ದಾಳೆ. ಶಾಲೆಗಳನ್ನು ನೋಡಿ ದರ್ಜೆ ಕೊಡುವ ಕೆಲಸ. "ಅಜ್ಜಿ, ನೀವೂ ಇದನ್ನೇ ಮಾಡ್ತಿದ್ರಂತಲ್ಲ, ಸ್ವಲ್ಪ ಬರೆದು ಕಳಿಸಿ, ನಮ್ಮ ಬ್ಯಾಚಿನವರೆಲ್ಲ ಓದ್ತೀವಿ" ಎಂದಳು. ಇಲ್ಲಿ ಅಹಮದಾಬಾದಿನ ವಸ್ತ್ರಾಪುರದಲ್ಲಿ ಮಗಳ ಮನೆಯ ಬಾಲ್ಕನಿಯಲ್ಲಿ ಕೂತು, ಒಂದೇ ಬೆರಳಲ್ಲಿ ಈ ಫೋನನ್ನು ಕುಟ್ಟುತ್ತಿದ್ದೇನೆ. ಕನ್ನಡ ಟೈಪಿಸುವುದನ್ನು ಕಲಿಸಿದವಳು ನನ್ನ ಮೊಮ್ಮಗಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಆದ್ದರಿಂದ ಏನು ಬೇಕಾದರೂ ಬರೆಯಬಹುದು.

ನಾನು ಹುಟ್ಟಿದ್ದು ಧಾರವಾಡ, ಬೆಳೆದದ್ದು ವಡೋದರ. ಅಪ್ಪ ಅಲ್ಲಿ ರೈಲ್ವೆಯಲ್ಲಿದ್ದರು, ನಾನು ಓದಿದ್ದು ಗುಜರಾತಿಯಲ್ಲಿ. ಆಗ ಧಾರವಾಡ, ವಡೋದರ ಎರಡೂ ಮುಂಬಯಿ ರಾಜ್ಯದಲ್ಲೇ ಇದ್ದವು. ಆಮೇಲೆ ರಾಜ್ಯ ಮೂರಾಗಿ ಒಡೆಯಿತು. ನಾನು ಗುಜರಾತಿನ ಪಾಲಿಗೆ ಬಂದೆ. ಅರವತ್ತರ ದಶಕದ ಶುರುವಿಗೆ ಹೈಸ್ಕೂಲು ತಪಾಸಣೆಯ ಕೆಲಸ ಸಿಕ್ಕಿತು. ಆಗಲೇ ಮದುವೆಯಾಗಿತ್ತು. ಗಂಡನಿಗೆ ಅಹಮದಾಬಾದಿನ ಒಂದು ಪ್ರಯೋಗಾಲಯದಲ್ಲಿ ಕೆಲಸ, ಮನೆಯಲ್ಲಿ ಧಾರವಾಡದಿಂದ ಬಂದ ಅತ್ತೆ. ಬಡ್ತಿಗಳ ಕಥೆ ಹೇಳುವುದಿಲ್ಲ. ಬಂದವು, ಕುರ್ಚಿಗೆ ಕೈ ಬಂತು, ಅಷ್ಟೇ.

ಇನ್ನೊಂದು ಮಾತು. ಇದರಲ್ಲಿ ಬರುವವರೆಲ್ಲ ಮಾತಾಡಿದ್ದು ಗುಜರಾತಿಯಲ್ಲಿ. ಆದರೆ ನಾನು ಪ್ರತಿ ಸಂಜೆ ಮನೆಗೆ ಬಂದು ಅವರ ಮಾತನ್ನೆಲ್ಲ ಅತ್ತೆಗೆ ನಮ್ಮ ಧಾರವಾಡದ ಕನ್ನಡದಲ್ಲಿ ಹೇಳುತ್ತಿದ್ದೆ. ಈಗ ನೆನಪಿರುವುದೂ ಹಾಗೆಯೇ. ಹಾಗೆಯೇ ಬರೆಯುತ್ತೇನೆ.

ತಪಾಸಣೆ ಎಂದರೆ ಆಗ ಒಂದು ಮದುವೆಯೇ. ಮೊದಲೇ ಪತ್ರ ಹೋಗುತ್ತಿತ್ತು. ಶಾಲೆಗೆ ಸುಣ್ಣ, ಬಾಗಿಲಿಗೆ ತೋರಣ, ಗೋಡೆಗೆ ಹೊಸ ನಕಾಶೆ. ಹುಡುಗಿಯರು ಸಾಲಾಗಿ ನಿಂತು ಸ್ವಾಗತಗೀತೆ ಹಾಡುವರು. ಮಧ್ಯಾಹ್ನ ಊಟ. ಪುರಿ, ಊಂಧಿಯು, ಶ್ರೀಖಂಡ. ಎರಡು ವರ್ಷದಲ್ಲಿ ನಾನು ಒಂದು ಸೂತ್ರ ಕಂಡುಹಿಡಿದೆ: ಶ್ರೀಖಂಡದಲ್ಲಿ ಕೇಸರಿ ಎಷ್ಟು ದಟ್ಟವೋ ಆ ಶಾಲೆಯ ಗಣಿತ ಅಷ್ಟು ತೆಳ್ಳಗೆ. ಈ ಸೂತ್ರ ಬಹಳ ಕಡಿಮೆ ಸಲ ತಪ್ಪಿತು. ಎಳೆಯರೇ, ನಿಮಗೆ ಈಗ ಊಟ ಹಾಕುತ್ತಾರೋ ಇಲ್ಲವೋ ಗೊತ್ತಿಲ್ಲ. ಹಾಕಿದರೆ ತಿನ್ನಿ, ಆದರೆ ನಾಲಿಗೆಯ ಮೇಲೆ ನಿಗಾ ಇರಲಿ.

ನನ್ನ ಮೇಲಿನ ಅಧಿಕಾರಿ ದೇಸಾಯಿ ಸಾಹೇಬರು. ಹೆಸರು ಕೇಳಿ ಅತ್ತೆ ಮೊದಲ ದಿನ ಕುಣಿದಾಡಿದ್ದರು.

"ನಮ್ಮ ಕಡೆ ದೇಸಾಯರೇನ? ಯಾವ ಊರಿನವರಂತ ಕೇಳಿದಿಲ್ಲೋ?"

"ಸೂರತ್ ಕಡೆಯವ್ರು, ಅತ್ತಿ. ಕನ್ನಡ ಬರೂದಿಲ್ಲ."

"ಹಂಗಾದ್ರ ಎಂಥಾ ದೇಸಾಯರವಾ ಅವ್ರು!"

ಕೆಟ್ಟ ಮನುಷ್ಯರಲ್ಲ. ಬಿಳಿ ಧೋತರ, ಕಪ್ಪು ಟೋಪಿ, ಕೈಯಲ್ಲಿ ಸದಾ ಒಂದು ಲವಂಗ. ಕೆಳಗಿನವರನ್ನು ಬೈಯುತ್ತಿರಲಿಲ್ಲ. ಬೈಯಬೇಕಾದಾಗ ಲವಂಗ ಬಾಯಿಗೆ ಹಾಕಿಕೊಂಡು ಕಿಟಕಿ ನೋಡುತ್ತಿದ್ದರು. ಅವರಿಗೆ ಇಷ್ಟವಾದ ಪದ ಒಂದೇ: ರಿಸಲ್ಟು.

ಆಗ ಎಸ್.ಎಸ್.ಸಿ. ಬೋರ್ಡ್ ಪರೀಕ್ಷೆ ಹನ್ನೊಂದನೇ ತರಗತಿಗೆ. ಅದಕ್ಕೆ ಮುಂಚೆ ಶಾಲೆಗಳು ತಮ್ಮದೇ ಒಂದು ಪರೀಕ್ಷೆ ಮಾಡುತ್ತಿದ್ದವು. ಪ್ರಿಲಿಮ್ ಅನ್ನುತ್ತಿದ್ದರು. ಅದರಲ್ಲಿ ಬಿದ್ದವರನ್ನು ಬೋರ್ಡ್ ಪರೀಕ್ಷೆಗೆ ಕಳಿಸುವುದೋ ಬಿಡುವುದೋ ಹೆಡ್‌ಮಾಸ್ಟರ ಮರ್ಜಿ.

ಇದರ ಮಹಿಮೆ ನನಗೆ ಅರ್ಥವಾದದ್ದು ವಡೋದರದ ಒಂದು ಹೆಸರಾಂತ ಹೈಸ್ಕೂಲಿನಲ್ಲಿ. ನೂರಕ್ಕೆ ನೂರು ರಿಸಲ್ಟು, ವರ್ಷ ವರ್ಷ. ಹೆಡ್‌ಮಾಸ್ಟರು ನಮ್ಮನ್ನು ತೋಟದಲ್ಲಿ ಸುತ್ತಾಡಿಸಿ, ಗುಲಾಬಿ ತೋರಿಸಿ, ಹನ್ನೊಂದನೇ ತರಗತಿಗೆ ಕರೆದುಕೊಂಡು ಹೋದರು. ಪ್ರಿಲಿಮ್ ಆಗಲೇ ಮುಗಿದಿತ್ತು. ಮಕ್ಕಳೆಲ್ಲ ಚುರುಕು. ಆದರೆ ಕೋಣೆ ದೊಡ್ಡದು, ಮಕ್ಕಳು ಸ್ವಲ್ಪ. ಪಕ್ಕದ ಎಂಟನೇ ತರಗತಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

"ಎಂಟನೇ ಕ್ಲಾಸಿಗೆ ಇಷ್ಟ ಮಂದಿ ಬರತಾರ, ಹನ್ನೊಂದಕ್ಕ ಇವರಷ್ಟ ಉಳೀತಾರ. ಉಳದವ್ರು ಎಲ್ಲಿ?" ಎಂದು ಕೇಳಿದೆ.

"ಮನ್ಯಾಗ," ಎಂದರು ಆ ಮಹಾಶಯರು, ಗುಲಾಬಿಯ ಕಡ್ಡಿ ಕತ್ತರಿಸಿದಷ್ಟೇ ಸಲೀಸಾಗಿ. "ಬೆನ್, ಸೋಲೋ ಮಕ್ಕಳನ್ನ ಪರೀಕ್ಷಾಕ್ಕ ಕಳಿಸಿ ಅವರ ಮನಸ ನೋಯಿಸಬಾರದು."

ಗುಜರಾತಿನಲ್ಲಿ ಎಲ್ಲ ಹೆಂಗಸರೂ ಬೆನ್, ಅಂದರೆ ಅಕ್ಕ. ಜಗಳಾಡುವಾಗಲೂ ಬೆನ್.

ವಾಪಸು ಬರುವ ರೈಲಿನಲ್ಲಿ ದೇಸಾಯಿ ಸಾಹೇಬರು ಖುಷಿಯಾಗಿದ್ದರು. "ಮಾಲತಿಬೆನ್, ಇದಕ್ಕನ್ನೋದು ಸಾಲಿ ಅಂತ!" ನಾನು ಹೂಂ ಅಂದೆ. ಆಗ ಹೊಸಬಳು, ನಿಮ್ಮ ಹಾಗೆಯೇ.

ಸೂರತ್‌ನದು ಇನ್ನೂ ಮಜ. ನದಿಯಾಚೆಯ ಅಡಾಜಣ್ ಆಗ ಹೊಲಗದ್ದೆ. ಈಗಿನ ಅಪಾರ್ಟ್‌ಮೆಂಟುಗಳ ಕನಸೂ ಯಾರಿಗೂ ಬಿದ್ದಿರಲಿಲ್ಲ. ತಾಪಿ ನದಿಯ ಈಚೆ, ಹಳೇ ಊರಿನಲ್ಲಿ ಒಂದು ಹೆಣ್ಣುಮಕ್ಕಳ ಹೈಸ್ಕೂಲು. ಬೆಳಗ್ಗೆ ಎಂಟನೇ ತರಗತಿಯಲ್ಲಿ ಒಬ್ಬಳು ಹುಡುಗಿ, ಗಲ್ಲ ಊದಿದೆ, ಗದ್ದದಿಂದ ನೆತ್ತಿಗೆ ಬಿಳಿ ಬಟ್ಟೆ ಕಟ್ಟಿಕೊಂಡಿದ್ದಾಳೆ. ಮಂಗನಬಾವು. ಆದರೂ ಕೇಳಿದ್ದಕ್ಕೆಲ್ಲ ಪಟಪಟ ಉತ್ತರ. ಪಾಪ, ಇಂಥ ಜಾಣೆ ಮನೆಯಲ್ಲಿ ಮಲಗಬಾರದೇ ಅಂದುಕೊಂಡೆ. ಮುಂದಿನ ಪೀರಿಯಡಿಗೆ ಒಂಬತ್ತನೇ ತರಗತಿಗೆ ಹೋದರೆ ಎರಡನೇ ಬೆಂಚಿನಲ್ಲಿ ಅದೇ ಬಿಳಿ ಬಟ್ಟೆ.

"ಏನವಾ, ನೀ ಈಗಷ್ಟ ಎಂಟನೇ ಕ್ಲಾಸಿನ್ಯಾಗ ಇದ್ದೆಲ್ಲ?"

ಹುಡುಗಿ ಎದ್ದು ನಿಂತು ವಿನಯವಾಗಿ ಹೇಳಿದಳು. "ಹೌದ್ರಿ ಬೆನ್. ಊಟ ಆದಮ್ಯಾಲ ಹತ್ತನೇದರಾಗೂ ಇರತೀನಿ."

ಹೆಡ್‌ಮಿಸ್ಟ್ರೆಸ್ ಸೆರಗಿನಿಂದ ಮುಖ ಒರೆಸಿಕೊಂಡರು. ದಡ್ಡ ಮಕ್ಕಳಿಗೆಲ್ಲ ಆ ದಿನ ರಜೆ ಕೊಟ್ಟು, ಜಾಣರನ್ನು ತರಗತಿಯಿಂದ ತರಗತಿಗೆ ಓಡಾಡಿಸುತ್ತಿದ್ದರು. ಈ ಹುಡುಗಿ ಎಷ್ಟು ಜಾಣೆಯೆಂದರೆ ಮಂಗನಬಾವು ಬಂದರೂ ಬಿಟ್ಟಿರಲಿಲ್ಲ. ನಾನು ನಗು ತಡೆಯಲಾರದೆ ಹೊರಗೆ ಹೋದೆ. ದೇಸಾಯಿ ಸಾಹೇಬರು ಲವಂಗ ಬಾಯಿಗೆ ಹಾಕಿಕೊಂಡು ಕಿಟಕಿ ನೋಡಿದರು. "ರಿಸಲ್ಟ್ ಚಲೋ ಅದ. ಉಳದದ್ದು ಬಿಡ್ರಿ," ಎಂದು ಆ ಹುಡುಗಿಯನ್ನು ಹತ್ತಿರ ಕರೆದು ಬೆನ್ನು ತಟ್ಟಿದರು. ಶಾಲೆಗೆ ಉತ್ತಮ ದರ್ಜೆ ಸಿಕ್ಕಿತು. ಸಾಹೇಬರಿಗೆ ಕೆಲವು ವಾರಗಳ ಮೇಲೆ ಮಂಗನಬಾವು ಬಂತು.

ಅದನ್ನು ಹೇಳಿದಾಗ ಅತ್ತೆ ನಕ್ಕೂ ನಕ್ಕೂ ಕೆಮ್ಮಿದರು. ಆಮೇಲೆ ಕೇಳಿದರು. "ಅಲ್ಲಾ, ಜಾಣರನ್ನ ಎಣಸಾಕ ನೀ ಯಾಕ ಬೇಕು? ಅವರು ನೀ ಹೋಗ್ಲಿ ಬಿಡಲಿ ಜಾಣರ ಇರತಾರಲ್ಲ. ಆವತ್ತ ಮನ್ಯಾಗ ಕೂಡಿಸಿದ್ರಲ್ಲ, ಅವರನ್ನ ನೋಡಾಕ ಯಾರ ಹೋಗತಾರ?"

ಯಾರೂ ಹೋಗುವುದಿಲ್ಲ ಅಂದೆ.

ಸಾಹೇಬರು ಹಾಸಿಗೆ ಹಿಡಿದಿದ್ದರಿಂದ ಮುಂದಿನ ತಪಾಸಣೆಗೆ ನಾನೊಬ್ಬಳೇ ಹೋಗಬೇಕಾಯಿತು. ಹೋಗುವ ಮುಂಚೆ ಅವರ ಮನೆಯಿಂದ ಒಂದು ಚೀಟಿ ಬಂತು. ಅಹಮದಾಬಾದಿನ ಬಟ್ಟೆ ಗಿರಣಿಗಳ ಬಡಾವಣೆಯ ಒಂದು ಸಾರ್ವಜನಿಕ ಹೈಸ್ಕೂಲು. ಹಲವು ವರ್ಷಗಳಿಂದ ರಿಸಲ್ಟು ಬೋರ್ಡಿನ ಸರಾಸರಿಗಿಂತ ಕೆಳಗೆ. ಹನ್ನೊಂದನೇ ತರಗತಿಯ ಮಾನ್ಯತೆ ತೆಗೆದುಹಾಕಬೇಕು, ನೋಡಿ ಬಂದು ಶಿಫಾರಸು ಬರೆಯಿರಿ ಎಂದು. ಶಿಫಾರಸು ಮೊದಲೇ ತೀರ್ಮಾನವಾಗಿತ್ತು. ನೋಡುವುದಷ್ಟೇ ಬಾಕಿ.

ಅದೇ ವರ್ಷ ನಮ್ಮ ಕೆಲಸದ ರೀತಿಯೂ ಬದಲಾಗಿತ್ತು. ಅದಕ್ಕೆ ಮುಂಚೆ ಶಾಲೆಯ ಬಗ್ಗೆ ಕಂಡದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೆವು. ಈಗ ಮೇಲಿನಿಂದ ಅಚ್ಚಾದ ಹಾಳೆ ಬಂತು. ಕಟ್ಟಡಕ್ಕೆ ಇಷ್ಟು ಅಂಕ, ಪ್ರಯೋಗಶಾಲೆಗೆ ಇಷ್ಟು, ಹಾಜರಿಗೆ ಇಷ್ಟು, ಶಿಸ್ತಿಗೆ ಇಷ್ಟು, ರಿಸಲ್ಟಿಗೆ ಎಲ್ಲಕ್ಕಿಂತ ಹೆಚ್ಚು. ಕೂಡಿಸಿದರೆ ದರ್ಜೆ. ಕೆಲಸ ಸುಲಭವಾಯಿತು ಅಂತ ನಾವೆಲ್ಲ ಖುಷಿಪಟ್ಟೆವು. ನಿಮಗೆ ಈಗ ಕಂಪ್ಯೂಟರಿನಲ್ಲಿ ಅದೇ ಹಾಳೆ ಬರುತ್ತದಂತೆ. ಇನ್ನೂ ಖುಷಿಪಡಿ.

ಆ ಶಾಲೆಯಲ್ಲಿ ತೋರಣವಿರಲಿಲ್ಲ. ಸುಣ್ಣವೂ ಇಲ್ಲ. ಹೆಡ್‌ಮಾಸ್ಟರ್ ಜಯಂತಿಭಾಯಿ, ಕುಳ್ಳಗೆ, ಕೋಟಿನ ತೋಳಿಗೆಲ್ಲ ಸೀಮೆಸುಣ್ಣ. ಎರಡು ಅರ್ಧ ಕಪ್ ಚಹಾ ತರಿಸಿದರು.

"ಸ್ವಾಗತಗೀತೆ?" ಎಂದು ನಾನೇ ಕೆಣಕಿದೆ.

"ಹಾಡೋ ಹುಡುಗ್ಯಾರಿಗೆ ಈಗ ಭೂಗೋಳ ನಡದದ. ಬಿಡಿಸಿ ಕರಸಲೇನು?"

ಬೇಡ ಅಂದೆ. ಭೂಗೋಳಕ್ಕೇ ಹೋದೆ. ಹನ್ನೊಂದನೇ ತರಗತಿ ಕಿಕ್ಕಿರಿದಿತ್ತು. ಎಂಟನೇ ತರಗತಿಯಷ್ಟೇ ಮಕ್ಕಳು ಇಲ್ಲೂ ಇದ್ದಂತೆ ಕಂಡಿತು. ಮೂರು ಊರುಗಳಲ್ಲಿ ಇಂಥದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ಮುಂದಿನ ಬೆಂಚಿನಲ್ಲಿ ಎರಡು ಜಡೆಯ ಒಬ್ಬ ಹುಡುಗಿ ಕೈ ಎತ್ತಿದಳು. ಉತ್ತರ ಹೇಳಲಿಕ್ಕೆ ಅಲ್ಲ, ನನ್ನನ್ನು ಪ್ರಶ್ನೆ ಕೇಳಲಿಕ್ಕೆ.

"ಬೆನ್, ನೀವು ಯಾವ ಊರವ್ರು?"

"ಧಾರವಾಡ. ಮೈಸೂರು ರಾಜ್ಯ."

"ಅಲ್ಲಿ ಗಿರಣಿ ಅವ ಏನ್ರಿ?"

"ಹತ್ತರ ಹುಬ್ಬಳ್ಳ್ಯಾಗ ಅದ."

"ಹಂಗಾದ್ರ ಅಲ್ಲೂ ನಮ್ಮಂಥವ್ರು ಇರಬೇಕು," ಎಂದು ಪಕ್ಕದವಳ ಕಡೆ ತಿರುಗಿ, ಭೂಗೋಳದ ಒಂದು ಪಾಠ ಮುಗಿದವಳ ಹಾಗೆ ಕೂತಳು. ಅವಳ ಹೆಸರು ಮಂಜುಲಾ.

ನಡುಹೊತ್ತಿನ ಗಂಟೆ ಹೊಡೆಯುತ್ತಲೇ ಅರ್ಧ ತರಗತಿ ಎದ್ದು ಓಡಿತು. ನೋಡಿದರೆ ಎಲ್ಲರೂ ಮನೆಗೆ ಹೋಗಿ ಬುತ್ತಿ ತೆಗೆದುಕೊಂಡು ಗಿರಣಿಯ ಬಾಗಿಲಿಗೆ ಹೋಗುತ್ತಿದ್ದಾರೆ. ಅಪ್ಪನಿಗೆ ಬಿಸಿ ರೊಟ್ಟಿ ಮುಟ್ಟಿಸುವುದು ಆ ಬಡಾವಣೆಯಲ್ಲಿ ಮಕ್ಕಳ ಕೆಲಸ, ಹೆಚ್ಚಾಗಿ ಹೆಣ್ಣುಮಕ್ಕಳದ್ದು. ನಾನೂ ಮಂಜುಲಾಳ ಹಿಂದೆ ಹೊರಟೆ.

"ನೀವೂ ಬರತೀರೇನ್ರಿ? ಹಂಗಾದ್ರ ಲಗು ಲಗು ನಡೀರಿ ಬೆನ್. ಭೋಂಗಾ ಆತಂದ್ರ ಬಾಗಲಾ ಹಾಕತಾರ, ನಮ್ಮಪ್ಪಗ ಉಪಾಸ."

ಭೋಂಗಾ ಅಂದರೆ ಗಿರಣಿಯ ಶಿಳ್ಳೆ. ನಾನು ಸೀರೆ ಎತ್ತಿ ಹಿಡಿದು ಓಡಿದೆ. ಬಾಗಿಲ ಕಂಬಿಗಳ ಸಂದಿನಿಂದ ಅವಳ ಅಪ್ಪ ಬುತ್ತಿ ತೆಗೆದುಕೊಂಡ. ತಲೆ, ಹುಬ್ಬು, ಮೀಸೆ ಎಲ್ಲಕ್ಕೂ ಹತ್ತಿ ಅಂಟಿತ್ತು. ಅವ್ವನೂ ಅದೇ ಗಿರಣಿಯಲ್ಲಿ, ಬೆಳಗಿನ ಪಾಳಿ. ವಾಪಸು ಬರುವಷ್ಟರಲ್ಲಿ ಗಣಿತದ ಪೀರಿಯಡು ಅರ್ಧ ಮುಗಿದಿತ್ತು. ದಿನವೂ ಹೀಗೆಯೇ. ಗಣಿತದ ಮಾಸ್ತರರು ಇನ್ನೊಂದು ಶಾಲೆಯವರು, ಇಲ್ಲಿಗೆ ಬರಲಿಕ್ಕೆ ಅವರಿಗೆ ಅದೊಂದೇ ಹೊತ್ತು ಬಿಡುವು. ಹೀಗಾಗಿ ಮಂಜುಲಾಳಿಗೆ ಎಲ್ಲ ವಿಷಯ ಬರುತ್ತಿತ್ತು, ಗಣಿತ ಅರ್ಧ ಬರುತ್ತಿತ್ತು. ಇತರ ಬುತ್ತಿ ಹುಡುಗಿಯರಿಗೂ ಅಷ್ಟೇ.

ನನ್ನ ಹಾಳೆಯಲ್ಲಿ ಇದಕ್ಕೆ ಒಂದೇ ಕಡೆ ಜಾಗವಿತ್ತು: ಶಿಸ್ತು. ನಡುಹೊತ್ತಿನಲ್ಲಿ ಮಕ್ಕಳು ಹೊರಗೆ ಹೋಗುತ್ತಾರೆ, ಅಂಕ ಇಲ್ಲ.

ಸಂಜೆ ಜಯಂತಿಭಾಯಿಯನ್ನು ನೇರವಾಗಿ ಕೇಳಿದೆ. "ಇವರೆಲ್ಲ ಗಣಿತದಾಗ ಬೀಳತಾರಂತ ನಿಮಗ ಗೊತ್ತದ. ಪ್ರಿಲಿಮ್‌ನ್ಯಾಗ ಯಾಕ ತಡೀವಲ್ಲರಿ? ಎಲ್ಲಾರೂ ಮಾಡತಾರಲ್ಲ?"

"ಬೆನ್, ಬೋರ್ಡ್ ಪರೀಕ್ಷಾದಾಗ ಬಿದ್ದಾಕಿ ಮತ್ತ ಅಕ್ಟೋಬರದಾಗ ಕೂಡತಾಳ. ಅಪ್ಪನೂ ಕಾಯತಾನ, ಇನ್ನೇನು ಒಂದ ವಿಷಯ ಉಳದದ ಅಂತ. ಇಲ್ಲಿ ಚಾಳಿನ್ಯಾಗ ಎಸ್.ಎಸ್.ಸಿ. ನಪಾಸ ಅನ್ನೋದೂ ಒಂದ ಮರ್ಯಾದಿ. ಅಂಗಡ್ಯಾಗ ಕೆಲಸಾ ಕೊಡತಾರ, ಬಾಲವಾಡ್ಯಾಗ ತೊಗೋತಾರ." ಚಹಾದ ಬಟ್ಟಲನ್ನು ಬೋರಲು ಹಾಕಿದರು. "ನಾ ತಡದಾಕೀಗೆ ಮಾತ್ರ ಏನೂ ಇಲ್ಲ. ಸಾಲೀನ ಬ್ಯಾಡಂತು ಅಂದಮ್ಯಾಲ ಅಪ್ಪ ಯಾಕ ಕಾಯತಾನ? ಹೋಳಿ ಮುಗದ ಮ್ಯಾಲ ಮದಿವಿ."

ಹನ್ನೊಂದನೇ ತರಗತಿಯೇ ಮುಚ್ಚಿದರೆ ಏನಾಗುತ್ತದೆ ಅಂತ ನಾನು ಕೇಳಲಿಲ್ಲ. ಮುಂದಿನ ಹೈಸ್ಕೂಲು ರೈಲು ಹಳಿಯ ಆಚೆ, ಬಹಳ ದೂರ. ಗಂಡುಮಕ್ಕಳು ಹೋದಾರು. ಹೆಣ್ಣುಮಕ್ಕಳನ್ನು ಯಾರೂ ಕಳಿಸುವುದಿಲ್ಲ.

ಮನೆಗೆ ಬಂದು ಹಾಳೆ ತುಂಬಿದೆ. ಕೂಡಿಸಿದರೆ ಶಾಲೆ ಮೂರನೇ ದರ್ಜೆ. ನನಗೆ ಸಿಟ್ಟು ಬಂತು. ಹಾಳೆಯ ಹಿಂದೆ ನನ್ನದೇ ಒಂದು ಲೆಕ್ಕ ಬರೆದೆ. ಎಂಟನೇ ತರಗತಿಗೆ ಬಂದವರಲ್ಲಿ ಎಷ್ಟು ಮಂದಿ ಬೋರ್ಡ್ ಪರೀಕ್ಷೆಯವರೆಗೆ ಬಂದರು, ಎಷ್ಟು ಮಂದಿ ಕೊನೆಗೆ, ಮೊದಲ ಸಲವೋ ಮೂರನೇ ಸಲವೋ, ಪಾಸಾದರು. ವಡೋದರದ ಶಾಲೆಯದ್ದನ್ನೂ ಸೂರತ್‌ನದ್ದನ್ನೂ ಪಕ್ಕದಲ್ಲಿ ಹಾಕಿದೆ. ಈ ಲೆಕ್ಕದಲ್ಲಿ ಜಯಂತಿಭಾಯಿಯ ಶಾಲೆ ಎಲ್ಲರಿಗಿಂತ ಮೇಲೆ ಬಂತು. ಗುಲಾಬಿ ತೋಟ ಪಾತಾಳಕ್ಕೆ ಇಳಿಯಿತು.

ದೇಸಾಯಿ ಸಾಹೇಬರು ಕೆಲಸಕ್ಕೆ ಮರಳಿದ್ದರು. ಗದ್ದದಿಂದ ನೆತ್ತಿಗೆ ಬಿಳಿ ಬಟ್ಟೆ, ಮೇಲೆ ಕಪ್ಪು ಟೋಪಿ. ಬಾಯಿ ಪೂರ್ತಿ ತೆರೆಯಲಾರರು. ನಾನು ನಗಬಾರದೆಂದು ನೆಲ ನೋಡುತ್ತ ನಿಂತೆ. ಹಾಳೆಯನ್ನು ಎರಡೂ ಕಡೆ ಓದಿದರು, ನಿಧಾನವಾಗಿ.

"ಮಾಲತಿಬೆನ್, ಅಂಕ ಬರೀರಂದ್ರ ಕಥೀ ಬರದೀರಿ."

"ಲೆಕ್ಕ ತಪ್ಪದ ಏನ್ರಿ ಸಾಹೇಬ?"

"ಇಲ್ಲ. ಲೆಕ್ಕ ಬರೋಬರಿ ಅದ. ಅದ ತೊಂದ್ರಿ." ಗಲ್ಲ ಹಿಡಿದುಕೊಂಡರು. "ಈ ಲೆಕ್ಕಾ ಮ್ಯಾಲ ಕಳಿಸಿದ್ರ ಎಷ್ಟ ಚಲೋ ಸಾಲಿಗಳ ಹೆಸರ ಕೆಡತದ ಗೊತ್ತದ ಏನು? ಆ ಸಾಲಿಗಳಿಗೆ ಚಲೋ ಅಂದಾವ ನಾನ."

"ಆದ್ರ ಆ ಹುಡುಗ್ಯಾರು, ಸಾಹೇಬ?"

ಅವರು ಲವಂಗಕ್ಕೆ ಕೈಹಾಕಿದರು, ಗಲ್ಲ ನೆನಪಾಗಿ ಬಿಟ್ಟರು. ಕಿಟಕಿಯನ್ನು ಮಾತ್ರ ಬಹಳ ಹೊತ್ತು ನೋಡಿದರು. "ಇದೊಂದ ವರ್ಷ ಕೊಡಸತೀನಿ. ಈ ಮಾರ್ಚಿನ ರಿಸಲ್ಟ್ ಸರಾಸರಿಗೆ ಬಂದ್ರ ಹನ್ನೊಂದನೇ ಕ್ಲಾಸ ಉಳೀತದ. ಇದಕ್ಕಿಂತ ಹೆಚ್ಚಿಗಿ ನನ್ನ ಕೈಯಾಗಿಲ್ಲ. ಈ ಹಿಂದಿನ ಬದೀದು ಹೊಡದ ಹಾಕ್ರಿ."

ನಾನು ಗೆದ್ದೆ ಅಂದುಕೊಂಡೆ. ನಿಜವಾಗಿ. ಹೊಡೆದುಹಾಕಿ, ಸಹಿ ಹಾಕಿ, ದಾರಿಯಲ್ಲಿ ಪೇಢೆ ಕಟ್ಟಿಸಿಕೊಂಡು ಜಯಂತಿಭಾಯಿಯ ಶಾಲೆಗೆ ಹೋದೆ. ಮುಚ್ಚಬೇಕಿದ್ದ ತರಗತಿಯನ್ನು ನಾನು ಉಳಿಸಿದ್ದೆನಲ್ಲ!

ಜಯಂತಿಭಾಯಿ ಪೂರ್ತಿ ಕೇಳಿದರು. ಪೇಢೆ ಮುಟ್ಟಲಿಲ್ಲ.

"ಅಂದ್ರ ಈ ಮಾರ್ಚಿನ್ಯಾಗ ಸರಾಸರಿ ಬರಬೇಕು."

"ಹೌದು. ಇನ್ನೂ ಟೈಮ್ ಅದ ನಿಮಗ. ಹೆಚ್ಚಿಗಿ ಕ್ಲಾಸ್ ತೊಗೋರಿ, ಗಣಿತದವರನ್ನ ಬೆಳಿಗ್ಗೆ ಕರೀರಿ..."

"ಬೆಳಿಗ್ಗೆ ಅವರಿಗೆ ಅವರ ಸಾಲಿ ಅದ." ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. "ಬೆನ್, ಸಿಟ್ಟಾಗಬ್ಯಾಡ್ರಿ. ಮುಚ್ಚತೀವಿ ಅಂದಿದ್ರ ನಾ ಜಗಳಾ ಆಡತಿದ್ದೆ. ಊರ ಮಂದೀನ ಕರಕೊಂಡ ನಿಮ್ಮ ಆಫೀಸಿನ ಮುಂದ ಕೂಡತಿದ್ದೆ. ಈಗ ನೀವು ಚೂರಿ ನನ್ನ ಕೈಯಾಗ ಕೊಟ್ರಿ. ಈ ವರ್ಷ ಕೆಲವರನ್ನ ನಾನ ತಡದ್ರ ಮುಂದಿನವರಿಗೆಲ್ಲ ಕ್ಲಾಸ ಉಳೀತದ. ತಡೀಲಿಲ್ಲಂದ್ರ ಯಾರಿಗೂ ಇಲ್ಲ. ಯಾರನ್ನ ತಡೀಲಿ? ನೀವ ಹೇಳ್ರಿ. ಕ್ಲಾಸ ನೋಡೀರಿ, ಹುಡುಗ್ಯಾರ ಮಾರಿ ನೋಡೀರಿ."

ನನಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ. ಇಷ್ಟು ವರ್ಷ ಎಲ್ಲ ಶಾಲೆಗಳೂ ಎದುರಿಗೇ ಮಾಡುತ್ತಿದ್ದದ್ದನ್ನು ನೋಡಿಯೂ ಹೊಳೆದಿರಲಿಲ್ಲ. ಪೇಢೆಯ ಪೊಟ್ಟಣ ಮೇಜಿನ ಮೇಲೆ ಹಾಗೇ ಇತ್ತು. ಅದನ್ನು ವಾಪಸು ತೆಗೆದುಕೊಳ್ಳುವುದೋ ಬಿಡುವುದೋ ತಿಳಿಯದೆ, ಬಿಟ್ಟು ಬಂದೆ.

ಪ್ರಿಲಿಮ್ ಆಯಿತು. ಜಯಂತಿಭಾಯಿ ಆ ವರ್ಷ ಮೊದಲ ಬಾರಿಗೆ ಮಕ್ಕಳನ್ನು ತಡೆದರು. ಹೆಚ್ಚಿನವರು ಬುತ್ತಿ ಹುಡುಗಿಯರು. ಮಂಜುಲಾ ಗಣಿತದಲ್ಲಿ ಸ್ವಲ್ಪದರಲ್ಲೇ ಬಿದ್ದಿದ್ದಳು.

ಅವಳ ಅಪ್ಪ ಪಾಳಿ ಮುಗಿಸಿ ಹತ್ತಿ ಮೆತ್ತಿದ ಮೈಯಲ್ಲೇ ಶಾಲೆಗೆ ಬಂದನಂತೆ. ಜಯಂತಿಭಾಯಿಯೇ ನನಗೆ ಹೇಳಿದ್ದು. ಬಾಗಿಲ ಹೊರಗೇ ನಿಂತು, "ಸಾಹೇಬ, ಆಕಿ ಬರೇ ಕೂಡಲಿ. ನಪಾಸ ಆದ್ರ ಆಗಲಿ. ಕೂತಾಳಂತ ಮಂದೀಗೆ ಹೇಳಾಕ ಬರತದ," ಎಂದನಂತೆ. ಇವರು ಆಗುವುದಿಲ್ಲ ಅಂದರಂತೆ. ಅವನು ಜಗಳಾಡಲಿಲ್ಲ. "ನೀವು ಆಗೂದಿಲ್ಲ ಅಂದ್ರ ಆಗೂದಿಲ್ಲ ಬಿಡ್ರಿ," ಎಂದು ಕೈಮುಗಿದು ಹೋದನಂತೆ.

"ಅಂವಾ ಕೈ ಮುಗದದ್ದು ನೋಡ್ರಿ," ಎಂದರು ಜಯಂತಿಭಾಯಿ.

ನಾನು ಸುಮ್ಮನೆ ಕೂರಲಿಲ್ಲ. ಖಾಸಗಿಯಾಗಿ ಕೂರಿಸಬಹುದೇ ಎಂದು ಬೋರ್ಡಿನ ಆಫೀಸಿಗೆ ಹೋಗಿ ಕೇಳಿದೆ. ಆ ವರ್ಷವೇ ಶಾಲೆಯಲ್ಲಿದ್ದವರಿಗೆ ಅವಕಾಶವಿಲ್ಲ ಅಂದರು. ದೇಸಾಯಿ ಸಾಹೇಬರಿಗೆ ಅವಳೊಬ್ಬಳ ವಿಷಯ ಹೇಳಿದೆ. ಅವರು ಕಿಟಕಿ ನೋಡಿದರು. ಮಂಜುಲಾಳ ಮನೆಗೆ ಹೋಗೋಣವೆಂದು ಎರಡು ಸಲ ಹೊರಟು, ಏನು ಹೇಳುವುದೆಂದು ತೋಚದೆ ಎರಡು ಸಲವೂ ಅರ್ಧ ದಾರಿಯಿಂದ ತಿರುಗಿದೆ.

"ಇಷ್ಟ ಸಣ್ಣ ಮಾರಿ ಮಾಡಬ್ಯಾಡ," ಎಂದರು ಅತ್ತೆ. "ಇನ್ನ ಎಷ್ಟ ಹುಡುಗ್ಯಾರಿಗೆ ಕ್ಲಾಸ ಉಳೀತಲ್ಲ."

"ಉಳೀತು, ಅತ್ತಿ."

"ಮತ್ತ ಅಳತೀಯಾಕ?"

"ಹಂಗ ಅನಕೊಂಡ ಮುಂದಿನ ವರ್ಷನೂ ತಡೀತಾರ, ಅತ್ತಿ."

ಅತ್ತೆ ಎದ್ದು ಹೋಗಿ ನನಗೆ ತಟ್ಟೆ ಹಾಕಿದರು.

ಮಾರ್ಚಿನ ರಿಸಲ್ಟು ಬಂತು. ಸರಾಸರಿ ದಾಟಿ ಎಲ್ಲೋ ಮೇಲೆ. ಹನ್ನೊಂದನೇ ತರಗತಿ ಉಳಿಯಿತು, ಶಾಲೆಗೆ ದರ್ಜೆ ಏರಿತು. ದೇಸಾಯಿ ಸಾಹೇಬರು ಎಲ್ಲ ಇನ್‌ಸ್ಪೆಕ್ಟರುಗಳ ಸಭೆಯಲ್ಲಿ ನನ್ನನ್ನು ಎದ್ದು ನಿಲ್ಲಿಸಿದರು. ಒಳ್ಳೆಯ ತಪಾಸಣೆಯಿಂದ ಒಂದು ಕೆಟ್ಟ ಶಾಲೆ ಹೇಗೆ ಒಳ್ಳೆಯದಾಗುತ್ತದೆ ನೋಡಿ ಎಂದರು. ಚಪ್ಪಾಳೆ ಹೊಡೆದರು. ನಾನು ನಮಸ್ಕಾರ ಮಾಡಿದೆ. ಬೇರೇನು ಮಾಡಬೇಕಿತ್ತು, ನೀವೇ ಹೇಳಿ. ಎಷ್ಟೋ ವರ್ಷ ಯೋಚಿಸಿದ್ದೇನೆ, ನನಗಿನ್ನೂ ತಿಳಿದಿಲ್ಲ.

ಮುಂದಿನ ವರ್ಷ ಮತ್ತೆ ಅಲ್ಲಿಗೆ ಹೋದೆ. ಗೋಡೆಗೆ ಸುಣ್ಣ ಬಳಿದಿದ್ದರು. ಹನ್ನೊಂದನೇ ತರಗತಿಯಲ್ಲಿ ಗಾಳಿಯಾಡುತ್ತಿತ್ತು, ಅಷ್ಟು ಜಾಗ. ನಡುಹೊತ್ತಿನಲ್ಲಿ ಯಾರೂ ಹೊರಗೆ ಓಡಲಿಲ್ಲ. ಓಡುವವರನ್ನು ಹತ್ತನೇ ತರಗತಿಯಲ್ಲೇ ತಡೆದಿದ್ದರು, ಅವರು ಆ ತರಗತಿಯವರೆಗೆ ಬಂದಿರಲೇ ಇಲ್ಲ. ಶಿಸ್ತಿಗೆ ಪೂರ್ತಿ ಅಂಕ ಹಾಕಿದೆ. ಹುಡುಗಿಯರು ಸಾಲಾಗಿ ನಿಂತು ಸ್ವಾಗತಗೀತೆ ಹಾಡಿದರು. ಜಯಂತಿಭಾಯಿಯ ಕೋಟು ಇಸ್ತ್ರಿಯಾಗಿತ್ತು, ತೋಳಿನಲ್ಲಿ ಸೀಮೆಸುಣ್ಣವಿರಲಿಲ್ಲ. ನನ್ನ ಮುಖ ನೋಡದೆಯೇ ಉಪಚಾರ ಮಾಡಿದರು. ಊಟಕ್ಕೆ ಶ್ರೀಖಂಡವಿತ್ತು. ಕೇಸರಿ ಹಾಕಿದ್ದರು.

"ತಿನ್ರಿ ಬೆನ್," ಎಂದರು. "ಈಗ ನಾವೂ ಚಲೋ ಸಾಲಿ."

ತಿಂದೆ. ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದರೆ ಚೆನ್ನಾಗಿರುತ್ತದೆ. ಆದರೆ ಇಳಿಯಿತು.

ಸಂಜೆ ಬಸ್ಸಿಗೆ ನಡೆದು ಹೋಗುವಾಗ ತರಕಾರಿ ಗಾಡಿಯ ಮುಂದೆ ಒಬ್ಬ ಬಸುರಿ ಬದನೆಕಾಯಿ ಆರಿಸುತ್ತ ಗಾಡಿಯವನ ಜೊತೆ ಜಗಳವಾಡುತ್ತಿದ್ದಳು. ಎರಡು ಜಡೆ ಒಂದಾಗಿತ್ತು, ತಲೆಯ ಮೇಲೆ ಸೆರಗು. ದನಿಯಿಂದ ಗುರುತು ಹಿಡಿದೆ. ಮಂಜುಲಾ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡನ ಮನೆ ಮೆಹಸಾಣದ ಕಡೆ ಒಂದು ಹಳ್ಳಿ.

ಅವಳೂ ನನ್ನ ಗುರುತು ಹಿಡಿದಳು. "ಧಾರವಾಡದ ಬೆನ್!" ಎಂದಳು. ಚೆನ್ನಾಗಿದ್ದೀಯಾ ಅಂದೆ. ಚೆನ್ನಾಗಿದ್ದೇನೆ ಅಂದಳು. ಹಳ್ಳಿಯಲ್ಲಿ ಯಾವುದಾದರೂ ಪುಸ್ತಕ ಸಿಗುತ್ತದೆಯೇ ಅಂದೆ. ನಕ್ಕಳು. ಅವಳ ತಂಗಿ ಅದೇ ಶಾಲೆಯಲ್ಲಿ ಹತ್ತನೇ ತರಗತಿಯಲ್ಲಿದ್ದಳು. ಆ ದಿನ ಬೆಳಗ್ಗೆ ನಾನೇ ನೋಡಿದ್ದೆ. ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ನನ್ನ ಜೀವ ಒದ್ದಾಡುತ್ತಿತ್ತು.

"ನಿಮ್ಮ ಸಾಲಿಗೆ ಈಗ ಚಲೋ ಹೆಸರು ಬಂದದ, ಮಂಜುಲಾ," ಎಂದೆ. "ಮೊದಲಿನಂಗಿಲ್ಲ. ಊರಾಗಿನ ದೊಡ್ಡ ಸಾಲಿಗಳ ಸಾಲಿನ್ಯಾಗ ಸೇರೇದ. ನಿನ್ನ ತಂಗಿಗೆ ಹನ್ನೊಂದನೇ ಕ್ಲಾಸ ಇಲ್ಲೇ ಸಿಗತದ."

ಬದನೆಕಾಯಿಯನ್ನು ಗಾಡಿಗೆ ಹಿಂದಕ್ಕೆ ಇಟ್ಟು, ಸೊಂಟಕ್ಕೆ ಕೈಕೊಟ್ಟು ನನ್ನನ್ನು ನೋಡಿದಳು.

"ನಾ ಹೊರಗ ಬಂದದ್ದಕ್ಕ ಸಾಲಿ ಇಷ್ಟ ಚಲೋ ಆತೇನ್ರಿ ಬೆನ್?" ಎಂದಳು. "ಮೊದಲ ಹೇಳಬೇಕಿಲ್ಲೋ, ಎಂಟನೇ ಕ್ಲಾಸಿಗೂ ಬರತಿದ್ದಿಲ್ಲ ನಾ."